ದಿನಕ್ಕೆ ನಾಲ್ಕು ಸಾಲು

ನನಗೆ ಕಾಯಿಲೆ ಶುರುವಾಗಿದೆ ಅನ್ನುವುದು ನನ್ನ ಬಲಗೈ ಹೆಬ್ಬೆರಳಿಗೆ ಎರಡು ವರ್ಷ ಮೊದಲೇ ಗೊತ್ತಿತ್ತು. ಅದು ತನ್ನ ಕೈಲಾದಮಟ್ಟಿಗೆ ಹೇಳಿಯೂ ಹೇಳಿತು. ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ನಾನೂ ಸೇರಿ.

ಟಿವಿ ಮುಂದೆ ಕೂತಾಗ, ಬಸ್ಸಿನಲ್ಲಿ ಕೂತಾಗ, ನಾಮಕರಣದ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ಕೂತಾಗ, ಮಡಿಲಲ್ಲಿ ಸುಮ್ಮನೆ ಬಿದ್ದಿರಬೇಕಾದ ಕೈಯಲ್ಲಿ ಹೆಬ್ಬೆರಳು ತಾನಾಗಿಯೇ ತೋರುಬೆರಳಿಗೆ ಉಜ್ಜಿಕೊಳ್ಳಲು ಶುರುಮಾಡುತ್ತಿತ್ತು. ಬೇರೆ ಕಸುಬಿನ ಮನೆಯಾಗಿದ್ದರೆ ಯಾರಾದರೂ ಗಾಬರಿಯಾಗುತ್ತಿದ್ದರೇನೋ. ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಬೀದಿ. ಅಲ್ಲಿ ಅದನ್ನು ಯಾರೂ ಕಾಯಿಲೆ ಅಂದುಕೊಳ್ಳುವುದಿಲ್ಲ.

ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು ಮುಗಿದು ಹೊಸ ಹಾಸು ಬಂದಾಗ, ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳ ತುದಿಯನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಕೆಚ್ಚುವುದು ಅನ್ನುತ್ತೇವೆ. ಬೆರಳಿಗೆ ಒಂದಿಷ್ಟು ಬೂದಿ ಮುಟ್ಟಿಸಿಕೊಂಡು, ಎರಡು ಎಳೆ ಜೋಡಿಸಿ ಹಿಡಿದು, ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರೆ ಎರಡೂ ಒಂದಾಗಬೇಕು. ಹಾಗೆ ಸಾವಿರಾರು ಎಳೆ. ಮದುವೆಯಾಗಿ ಬಂದ ವರ್ಷದಿಂದ ಹಿಡಿದು ಕಣ್ಣು ಮಂಜಾಗುವವರೆಗೂ, ಮೂವತ್ತೈದು ವರ್ಷ ನಾನು ಆ ಕೆಲಸ ಮಾಡಿದವಳು. ನಮ್ಮ ಬೀದಿಯ ಮುದುಕಿಯರ ಕೈಗಳೆಲ್ಲ ಕೆಲಸವಿಲ್ಲದಾಗಲೂ ಆಗಾಗ ಹಾಗೆ ಆಡುತ್ತವೆ.

ಹಾಗಾಗಿ ಎದುರುಮನೆ ಪುಟ್ಟಗೌರಕ್ಕ ನನ್ನ ಕೈ ನೋಡಿ ನಕ್ಕುಬಿಟ್ಟರು. "ನೀನು ಬಿಟ್ರೂ ಅದು ಬಿಡ್ಲಿಲ್ವಲ್ಲೇ ಸರೋಜ! ನಮ್ಮವ್ವಾನೂ ಹಿಂಗೇ. ಹಾಸಿಗೆ ಹಿಡಿದ್ಮೇಲೂ ಹೊದ್ಕೆ ಅಂಚು ಹಿಡ್ಕೊಂಡು ಕೆಚ್ತಾ ಇದ್ಲು."

ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೇ ಆಯಿತು. ಕಣ್ಣು ಕೈಕೊಟ್ಟರೂ ಬೆರಳು ಕಸುಬು ಮರೆತಿಲ್ಲ ಅಂದುಕೊಂಡೆ. ಎರಡು ವರ್ಷ ಹೀಗೆ ಹೆಮ್ಮೆಪಡುತ್ತಲೇ ಕಳೆದೆ.

ನನಗೆ ಇನ್ನೊಂದು ಹೆಮ್ಮೆಯೂ ಇತ್ತು, ಅಕ್ಷರದ್ದು. ನನ್ನ ತವರು ಇಲ್ಲೇ ಹತ್ತಿರದ ವಿಜಯಪುರ. ಅಪ್ಪ ರೇಷ್ಮೆಗೂಡಿನಿಂದ ನೂಲು ತೆಗೆಯುವ ಕಾರ್ಖಾನೆಯಲ್ಲಿದ್ದರು. ಸಂಜೆ ಮನೆಗೆ ಬಂದು ಕೈತೊಳೆದರೂ ಅವರ ಮೈಯಿಂದ ರೇಷ್ಮೆಗೂಡು ಬೆಂದ ವಾಸನೆ ಹೋಗುತ್ತಿರಲಿಲ್ಲ. ಬೀದಿಯವರಿಗೆಲ್ಲ ಕಾಗದ ಬರೆದುಕೊಡುತ್ತಿದ್ದವರು ಅವರೇ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅಕ್ಷರ ಗೆರೆಗೆ ತಾಗಬೇಕು ಮಗಾ, ಗೆರೆ ಮೇಲೆ ಕೂತ್ಕೋಬಾರ್ದು" ಎಂದು ತಿದ್ದಿಸುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿ ಈ ಮನೆಗೆ ಬಂದಾಗ ಇಲ್ಲಿ ನನ್ನಷ್ಟು ಓದಿದವರು ಯಾರೂ ಇರಲಿಲ್ಲ. ಬೀದಿಯಲ್ಲಿ ಯಾರ ಮನೆ ಮದುವೆಯಾದರೂ ಲಗ್ನಪತ್ರಿಕೆಯ ಮೇಲೆ ಹೆಸರು ಬರೆಯಲು ನನ್ನನ್ನೇ ಕರೆಯುತ್ತಿದ್ದರು.

ಓದು ಬಾರದ ನಮ್ಮ ಅತ್ತೆಗೆ ನನ್ನ ಅಕ್ಷರದ ಮೇಲೆ ಎಲ್ಲರಿಗಿಂತ ಹೆಚ್ಚು ಅಭಿಮಾನ. ಕೆಚ್ಚುವಾಗ ಆ ಮಗ್ಗ ನಿಂತಿರುತ್ತದೆ. ಗಂಡಸರು ಟೀ ಕುಡಿಯಲು ಹೊರಗೆ ಹೋಗುತ್ತಾರೆ. ಅತ್ತೆ ಒಂದು ಕಡೆ, ನಾನು ಒಂದು ಕಡೆ, ಹಾಸಿನ ಮೇಲೆ ತಲೆಗೆ ತಲೆ ತಾಗುವಷ್ಟು ಹತ್ತಿರ ಬಗ್ಗಿ ಕೂರುತ್ತಿದ್ದೆವು. ಆಗ ಅತ್ತೆ ಮಾತಿಗಿಳಿಯುತ್ತಿದ್ದರು. ಕೈಯಿಂದ ನೇಯುವ ಗುಂಡಿಮಗ್ಗ ಮುಚ್ಚಿ ಕರೆಂಟಿನ ಮಗ್ಗ ತಂದ ವರ್ಷ ಮಾವ ಎರಡು ದಿನ ಊಟ ಬಿಟ್ಟಿದ್ದು, ಸತ್ತುಹೋದ ಮೊದಲ ಮಗು, ತಾವು ಬಸುರಿಯಾಗಿದ್ದಾಗ ಮಾವ ಯಾರಿಗೂ ಕಾಣದಂತೆ ಪಂಚೆಯಲ್ಲಿ ಕಟ್ಟಿಕೊಂಡು ತಂದ ದ್ರಾಕ್ಷಿ. ಎಲ್ಲ ಹೇಳಿ ಕೊನೆಗೆ, "ನೀನು ಓದ್ದೋಳು ಸರೋಜಿ. ಯಾವತ್ತಾದ್ರೂ ಇದನ್ನೆಲ್ಲಾ ಬರ್ದಿಡು. ನನ್ ತಲೆ ಜೊತೆ ಹೋಗ್ಬಾರ್ದು" ಅನ್ನುತ್ತಿದ್ದರು.

ಆಗ ಬರೆಯಲು ಪುರುಸೊತ್ತೆಲ್ಲಿತ್ತು? ಅತ್ತೆ ಹೋಗಿ, ಕಣ್ಣು ಮಂಜಾಗಿ, ಸೊಸೆ ಬಂದು ಅಡುಗೆಮನೆ ನೋಡಿಕೊಳ್ಳಲು ಶುರುಮಾಡಿದ ಮೇಲೆ, ಐವತ್ತೆಂಟನೇ ವಯಸ್ಸಿನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಕೂತೆ. ಮಧ್ಯಾಹ್ನ ಊಟವಾದ ಮೇಲೆ ಎರಡು ಪುಟ. ನನ್ನ ತವರು, ಮದುವೆ, ಬೀದಿಯ ಕಥೆಗೇ ಐದು ನೋಟ್‌ಬುಕ್ ತುಂಬಿದವು, ಅತ್ತೆಯ ಮಾತುಗಳನ್ನು ಆರನೆಯದಕ್ಕೆ ಇಟ್ಟುಕೊಂಡೆ. ನನ್ನ ಜೀವನದಲ್ಲಿ ಅಷ್ಟು ಸುಖವಾಗಿದ್ದ ಕಾಲ ಇನ್ನೊಂದಿಲ್ಲ.

ನಮ್ಮ ಯಜಮಾನರು ಅದರಲ್ಲಿ ಒಂದು ಸಾಲನ್ನೂ ಓದಲಿಲ್ಲ. ಓದಿ ಅಂತ ನಾನು ಕೊಟ್ಟರೆ, ನಾಲ್ಕನೇ ಕ್ಲಾಸಿಗೆ ಬಿಟ್ಟವನಿಗೆ ಇದೆಲ್ಲ ಯಾಕೆ ಎಂದು ಹಿಂದಕ್ಕೆ ತಳ್ಳುತ್ತಿದ್ದರು. ಅದೂ ಅಲ್ಲದೆ ಅವರಿಗೆ ಅವರ ತಾಯಿಯ ಮೇಲೆ ಒಂದು ಹಳೆಯ ಮುನಿಸು. ಅದನ್ನು ತಮಾಷೆ ಮಾಡಿ ಹೇಳುತ್ತಿದ್ದರು, ಆದರೆ ಮುನಿಸೇ. ಹನ್ನೆರಡನೇ ವಯಸ್ಸಿಗೆ ಅವರನ್ನು ಮಗ್ಗಕ್ಕೆ ನಿಲ್ಲಿಸಿದ್ದರು. ಮನೆಗೆ ಯಾರು ಬಂದರೂ ಈ ಕಥೆ ತಪ್ಪದು: "ನಮ್ಮವ್ವ ಬೆಳಗಾದ್ರೆ ನನ್ ಕಿವಿಗೆ ಹತ್ತಿ ತುರುಕೋಳು. ಬೀದೀಲಿ ಹುಡುಗ್ರು ಆಟಕ್ಕೆ ಕರೆಯೋದು ಕೇಳ್ಬಾರ್ದು ಅಂತ! ಎಂಥಾ ಕಲ್ಲು ಮನಸ್ಸು ನೋಡಿ. ನಾನೇನು ಕಮ್ಮೀನಾ, ಅವ್ಳು ಅತ್ತ ಹೋಗ್ತಿದ್ದಂಗೆ ಕಿತ್ತು ಎಸೀತಿದ್ದೆ."

ಬಂದವರು ನಗುತ್ತಿದ್ದರು. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಹತ್ತಿಯ ವಿಷಯ ಅತ್ತೆ ನನಗೂ ಹೇಳಿದ್ದರು, ಆದರೆ ಬೇರೆ ಥರ.

ಯಜಮಾನರ ಕಿವಿ ನಲವತ್ತು ದಾಟುವ ಹೊತ್ತಿಗೇ ಮಂದವಾಗಿತ್ತು. ಮಗ್ಗದ ಸದ್ದಿಗೆ ನಮ್ಮ ಬೀದಿಯ ಗಂಡಸರಲ್ಲಿ ಅರ್ಧಕ್ಕರ್ಧ ಹಾಗೇ. ಅದನ್ನು ನಾವು ಕೊರತೆ ಅಂತ ಎಣಿಸಿದ್ದೇ ಇಲ್ಲ, ಯಾಕೆಂದರೆ ನಮ್ಮ ಮನೆಗಳಲ್ಲಿ ಕಿವಿಯಿಂದ ಮಾತು ಕೇಳುವವರು ಕಡಿಮೆ. ನಾಲ್ಕು ಮಗ್ಗ ಓಡುತ್ತಿರುವಾಗ ಎದುರಿನವರ ತುಟಿ ನೋಡಿಯೇ ಮಾತು ತಿಳಿಯಬೇಕು. ಮದುವೆಯಾದ ಹೊಸದರಲ್ಲಿ ಇವರು ಮಗ್ಗದ ಆ ಕಡೆಯಿಂದ ದನಿಯಿಲ್ಲದೆ ತುಟಿಯಲ್ಲೇ ಏನೇನೋ ಹೇಳುತ್ತಿದ್ದರು. ನಾನು ಕೆಂಪಾಗಿ, ನಾನೂ ತುಟಿಯಲ್ಲೇ ಉತ್ತರ ಕೊಡುತ್ತಿದ್ದೆ. ಅತ್ತೆ ಅಲ್ಲೇ ಕೂತು ಅಡ್ಡ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಅತ್ತೆಗೂ ತುಟಿ ಓದಲು ಬರುತ್ತದೆ ಎಂದು ನನಗೆ ತಿಳಿದದ್ದು ಆರು ತಿಂಗಳ ಮೇಲೆ.

ಹೀಗೆ ನಲವತ್ತೈದು ವರ್ಷ ಅವರು ನನ್ನ ಮುಖ ನೋಡಿಯೇ ನನ್ನ ಮಾತು ಕೇಳಿದ್ದಾರೆ. ಬೇರೆ ಗಂಡಂದಿರು ಹೆಂಡತಿಯ ಮುಖವನ್ನು ಅಷ್ಟು ನೋಡಿರಲಿಕ್ಕಿಲ್ಲ.

ಆ ಮುಖವೇ ಕೈಕೊಟ್ಟಿತು. ಮೊದಲು ಗೊತ್ತಾದದ್ದು ಸೊಸೆ ಸವಿತಾಗೆ, ಅದೂ ತಪ್ಪಾಗಿ. ಅವಳು ತವರಿಗೆ ಫೋನು ಮಾಡಿ ಅತ್ತಳಂತೆ. "ಅತ್ತೆಗೆ ನನ್ ಮೇಲೆ ಏನೋ ಕೋಪ. ತಿಂಗ್ಳಾಯ್ತು, ನನ್ ಮುಖ ನೋಡಿ ಒಂದ್ಸಲಾನೂ ನಕ್ಕಿಲ್ಲ." ಬೀಗಿತ್ತಿ ಸಂಕೋಚದಿಂದಲೇ ನನ್ನನ್ನು ಕೇಳಿದರು. ನಾನು ನಕ್ಕೆ ಅಂದುಕೊಂಡೆ. ಆಮೇಲೆ ಕನ್ನಡಿ ಮುಂದೆ ನಿಂತು ನಕ್ಕು ನೋಡಿದೆ. ಮನಸ್ಸಿನಲ್ಲಿ ನಗು ಬಂದಿತ್ತು, ಕನ್ನಡಿಯಲ್ಲಿ ಬರಲಿಲ್ಲ.

ಇನ್ನೊಂದು ದಿನ ಮಧ್ಯಾಹ್ನ ಕರೆಂಟು ಹೋಯಿತು. ನಾಲ್ಕೂ ಮಗ್ಗ ಒಟ್ಟಿಗೆ ನಿಂತಾಗ ಬೀದಿಯ ಕಾಗೆ ಕೂಗುವುದೂ ಕೇಳುತ್ತದೆ. ನಾನು ಮಗ ಮಂಜುನಾಥನಿಗೆ ಊಟಕ್ಕೆ ಬಾ ಅಂದೆ. ಅವನು ನನ್ನನ್ನೇ ನೋಡಿದ.

"ಅಮ್ಮಾ, ಕರೆಂಟ್ ಹೋಗೈತೆ. ಈಗ್ಲೂ ಯಾಕೆ ಬರೀ ತುಟಿ ಅಲ್ಲಾಡಿಸ್ತೀಯ? ಜೋರಾಗಿ ಹೇಳು."

ನಾನು ಜೋರಾಗಿಯೇ ಹೇಳಿದ್ದೆ. ನನ್ನ ದನಿ ಯಾವಾಗ ಸಣ್ಣಗಾಯಿತೋ, ಮಗ್ಗದ ಸದ್ದಿನಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ.

ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದದ್ದು ಮುಂದಿನ ವಾರ. ಬೆಳಗಿನ ರೈಲು, ಆಮೇಲೆ ಆಟೋ, ಆಮೇಲೆ ಚೀಟಿಯ ಸಾಲು. ಯಜಮಾನರು, ಸವಿತಾ, ನಾನು ಸಿಮೆಂಟಿನ ಬೆಂಚಿನ ಮೇಲೆ ನಾಲ್ಕು ಗಂಟೆ ಕೂತೆವು. ನಾನು ಅಲ್ಲಿದ್ದವರ ಕೈಗಳನ್ನೇ ನೋಡುತ್ತಿದ್ದೆ. ಎದುರು ಬೆಂಚಿನಲ್ಲಿ ಮೂರು ಜನರ ಹೆಬ್ಬೆರಳು ನನ್ನ ಹೆಬ್ಬೆರಳಿನ ಹಾಗೇ ಹೊಸೆಯುತ್ತಿತ್ತು. ಮಾತಾಡಿಸಿ ನೋಡಿದರೆ ಅವರಲ್ಲಿ ಯಾರೂ ನೇಕಾರರಲ್ಲ.

ಪಕ್ಕದಲ್ಲಿ ಹೊಸಕೋಟೆ ಕಡೆಯ ಒಬ್ಬ ಹೆಂಗಸು ಗಂಡನನ್ನು ಕರೆತಂದಿದ್ದರು. ಆ ಗಂಡನ ಹೆಸರು ಕರೆದರು. ಅವರು ಎದ್ದರು, ಆದರೆ ಹೆಜ್ಜೆ ಕೀಳಲಾಗಲಿಲ್ಲ, ಕಾಲು ನೆಲಕ್ಕೆ ಅಂಟಿಕೊಂಡಿತು. ಹಿಂದಿನವರು ಬೇಗ ಬೇಗ ಅಂತ ಗೊಣಗಿದರು. ಆ ಹೆಂಗಸು ಗಡಿಬಿಡಿ ಮಾಡಲಿಲ್ಲ. ತನ್ನ ಪಾದವನ್ನು ಗಂಡನ ಪಾದದ ಮುಂದೆ ಅಡ್ಡ ಇಟ್ಟು, "ದಾಟಿ" ಅಂದರು. ಅವರು ಅದನ್ನು ದಾಟಲು ಕಾಲೆತ್ತಿದರು, ಆಮೇಲೆ ನಡೆದುಕೊಂಡೇ ಹೋದರು. ಹೊರಗೆ ಬಂದಾಗ ನನ್ನ ಮುಖದಲ್ಲಿ ಏನು ಕಂಡಿತೋ, ಆಕೆ ಚೀಲದಿಂದ ಎರಡು ನಿಪ್ಪಟ್ಟು ತೆಗೆದು ನನ್ನ ಕೈಗಿಟ್ಟು, "ಮೊದಲ್ನೇ ದಿನವೇ ಕಷ್ಟ ಅಕ್ಕಾ. ಆಮೇಲೆ ದಾರಿ ಸಿಗ್ತದೆ" ಅಂದರು. ಆಕೆಯ ಹೆಸರು ಕೇಳಲಿಲ್ಲ. ಇವತ್ತಿಗೂ ನಿಪ್ಪಟ್ಟು ತಿನ್ನುವಾಗ ಆಕೆಯನ್ನು ನೆನೆಯುತ್ತೇನೆ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ನನ್ನ ಕೈ ನೋಡಿ, "ಇದು ಎಷ್ಟು ದಿನದಿಂದ ಅಮ್ಮಾ?" ಎಂದು ಕೇಳಿದರು.

ಯಜಮಾನರು ಪ್ರಶ್ನೆಯನ್ನು ಅವರ ತುಟಿಯಲ್ಲೇ ಓದಿಕೊಂಡು ಮುಂದೆ ಬಿದ್ದರು. "ಅದು ಕಾಯಿಲೆ ಅಲ್ಲ ಡಾಕ್ಟ್ರೇ. ಕೆಚ್ಚಿ ಕೆಚ್ಚಿ ಹಂಗಾಗಿರೋದು. ನಮ್ ಕಡೆ ಎಲ್ರಿಗೂ ಹಂಗೇಯ."

ಡಾಕ್ಟರು ನನ್ನ ಮುಂದೆ ಒಂದು ಬಿಳಿ ಹಾಳೆ ಇಟ್ಟು ಯಾವುದಾದರೂ ಎರಡು ಸಾಲು ಬರೆಯಿರಿ ಅಂದರು. ನನಗೆ ಧೈರ್ಯ ಬಂತು, ಇದು ನನ್ನ ಆಟ. ನನ್ನ ಹೆಸರು, ಊರು, ಅತ್ತೆಯ ಹೆಸರು ಬರೆದೆ. ಬರೆದು ನೋಡಿದರೆ ಮೊದಲ ಅಕ್ಷರ ಕಡಲೆಕಾಳಿನಷ್ಟಿತ್ತು, ಸಾಲಿನ ಕೊನೆಗೆ ಬರುವಷ್ಟರಲ್ಲಿ ಗಸಗಸೆ. ಅತ್ತೆಯ ಹೆಸರು ನನಗೇ ಓದಲಾಗಲಿಲ್ಲ.

ಪಾರ್ಕಿನ್ಸನ್ ಅಂದರು. ಕೈ, ಮುಖ, ದನಿ, ಅಕ್ಷರ ಎಲ್ಲಕ್ಕೂ ಅದೇ ಕಾರಣವಂತೆ. ಹೋಗುವ ಕಾಯಿಲೆಯಲ್ಲ, ಆದರೆ ಮಾತ್ರೆ, ವ್ಯಾಯಾಮ ಮಾಡಿಕೊಂಡು ಬಹಳ ವರ್ಷ ಚೆನ್ನಾಗಿ ಬದುಕಬಹುದು ಅಂತಲೂ ಹೇಳಿದರು. ನಾನು ಎರಡನೇ ಮಾತನ್ನು ಕೇಳಿಸಿಕೊಂಡದ್ದು ಮನೆಗೆ ಬಂದ ಎಷ್ಟೋ ದಿನಗಳ ಮೇಲೆ. ರೈಲಿನಲ್ಲಿ ಯಜಮಾನರು ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಯಲಹಂಕ ದಾಟಿದ ಮೇಲೆ ನನ್ನ ಕಡೆ ತಿರುಗದೆ, "ನಾವು ನಗ್ತಾ ಇದ್ವಲ್ಲೇ ಅದನ್ನ ನೋಡ್ಕೊಂಡು" ಅಂದರು.

ಮನೆಗೆ ಬಂದು ಆರನೇ ನೋಟ್‌ಬುಕ್ ತೆಗೆದೆ. ಪುಟ ತಿರುವಿದಂತೆ ಅಕ್ಷರ ಸಣ್ಣಗಾಗುತ್ತಾ ಹೋಗಿತ್ತು. ಕನ್ನಡಕ ಸರಿಯಿಲ್ಲ ಅಂದುಕೊಂಡು ಎರಡು ಸಲ ಕನ್ನಡಕ ಬದಲಾಯಿಸಿದ್ದೆ. ಕೊನೆಯ ಹತ್ತು ಪುಟದಲ್ಲಿ ಅತ್ತೆ ಹೇಳಿದ ಮಾತುಗಳಿದ್ದವು, ಯಾವುದೂ ಓದುವಂತಿರಲಿಲ್ಲ. ನಾನು ಆವತ್ತು ಅತ್ತಷ್ಟು ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ.

ಸಾವಿನ ಭಯ ನನಗೆ ಅಷ್ಟಾಗಿ ಇರಲಿಲ್ಲ. ಮಾತು ನಿಂತುಹೋಗುವ ಭಯ ಇತ್ತು. ಕೈ ಬರೆಯುವುದಿಲ್ಲ, ಅತ್ತೆಯ ಮಾತು ನನ್ನ ತಲೆಯ ಜೊತೆಯೇ ಹೋಗುತ್ತದೆ. ಮುಖ ಅಲ್ಲಾಡುವುದಿಲ್ಲ, ಇವರಿಗೆ ನನ್ನ ಮಾತು ಓದಲಾಗುವುದಿಲ್ಲ. ಹಾಗೆಯೇ ಆಯಿತು. ನಾನು ಏನಾದರೂ ಹೇಳಿದರೆ ಇವರು ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ನನ್ನ ತುಟಿಯನ್ನೇ ನೋಡುತ್ತಿದ್ದರು. "ಏನು? ಇನ್ನೊಂದ್ಸಲ ಹೇಳು." ಮೂರು ಸಲ ಹೇಳಿದ ಮೇಲೆ, "ಆಯ್ತು ಬಿಡು" ಅಂತ ಎದ್ದು ಹೋಗುತ್ತಿದ್ದರು. ಮಂಜುನಾಥ ಕಿವಿ ಮಿಷನ್ ತಂದುಕೊಟ್ಟ. ಹಾಕಿಕೊಂಡರೆ ಮಗ್ಗದ ಸದ್ದು ತಲೆಯೊಳಗೇ ಬಡಿಯುತ್ತದೆ ಎಂದು ಎರಡನೇ ದಿನವೇ ಅದನ್ನು ಬೀರುವಿನಲ್ಲಿಟ್ಟರು. ನನಗೂ ರೇಗಿತು. ಇವರಿಗೆ ಹೇಳಬೇಕಾದ್ದನ್ನು ಸವಿತಾ ಹತ್ತಿರ ಹೇಳಿಸತೊಡಗಿದೆ. "ಮಾವನಿಗೆ ಹೇಳು, ಬಿಸಿನೀರು ಕಾದಿದೆ ಅಂತ." ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ ನಡುವೆ ಒಬ್ಬ ದುಭಾಷಿ. ಅಷ್ಟು ಒಂಟಿತನ ನಾನು ಎಂದೂ ಅನುಭವಿಸಿರಲಿಲ್ಲ.

ಸವಿತಾ ಒಳ್ಳೆಯವಳು. "ನೀವು ಹೇಳಿ ಅತ್ತೆ, ನಾನ್ ಬರ್ಕೋತೀನಿ" ಅಂದಳು. ಫೋನಿಗೆ ಹೇಳಿದರೆ ಅದೇ ಬರೆಯುತ್ತದೆ ಎಂದೂ ತೋರಿಸಿದಳು. ನನ್ನ ದನಿಗಿಂತ ಮಗ್ಗದ ದನಿ ಅದಕ್ಕೆ ಹೆಚ್ಚು ಇಷ್ಟವಾಯಿತು, ಏನೇನೋ ಬರೆಯಿತು. ಸವಿತಾಳಿಗೂ ನಾನು ಬೇಡವೆಂದೆ. ಅಹಂಕಾರವೇ ಇರಬಹುದು. ಅತ್ತೆ ನನ್ನ ಅಕ್ಷರ ನೋಡಿ ಬರೆದಿಡು ಅಂದಿದ್ದರು, ಬೇರೆ ಯಾರ ಕೈಯಲ್ಲೂ ಬರೆಸು ಅಂದಿರಲಿಲ್ಲ.

ದಾರಿ ತೋರಿಸಿದ್ದು ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ. "ಆಂಟೀ, ದೊಡ್ಡ ದೊಡ್ಡದಾಗಿ ಬರೀಬೇಕು. ಮಕ್ಕಳು ಬರೀತಾರಲ್ಲ, ಎರಡು ಗೆರೆ ಕಾಪಿ ಪುಸ್ತಕ, ಅದರಲ್ಲಿ. ಮೇಲಿನ ಗೆರೆಗೂ ತಾಗಬೇಕು, ಕೆಳಗಿನ ಗೆರೆಗೂ ತಾಗಬೇಕು. ಒಂದಕ್ಷರ ಬರೆದು, ನಿಲ್ಲಿಸಿ, ಇನ್ನೊಂದಕ್ಷರ."

ಅಪ್ಪ ಹೇಳಿದ್ದೂ ಅದನ್ನೇ ಅಲ್ಲವೇ ಅನ್ನಿಸಿತು. ಆದರೂ ಅಂಗಡಿಗೆ ಹೋಗಿ ಕಾಪಿ ಪುಸ್ತಕ ಕೇಳಲು ನಾಚಿಕೆ. ಅಂಗಡಿಯವನು, "ಮೊಮ್ಮಗೂಗಾ ಅಮ್ಮಾ? ಎಷ್ಟನೇ ಕ್ಲಾಸು?" ಅಂದ. ಒಂದನೇ ಕ್ಲಾಸು ಅಂದೆ. ಅದು ಪೂರ್ತಿ ಸುಳ್ಳೂ ಅಲ್ಲ.

ನನ್ನ ದಿನವೇ ಬೇರೆಯಾಯಿತು. ರವಿಕೆಯ ಹುಕ್ಕು ಹಾಕಿಕೊಳ್ಳಲು ಹತ್ತು ನಿಮಿಷ. ಮೊದಮೊದಲು ಅಳು ಬರುತ್ತಿತ್ತು. ಈಗ ಆ ಹತ್ತು ನಿಮಿಷ ಕಿಟಕಿಯ ಹತ್ತಿರ ನಿಂತು ಹಾಕಿಕೊಳ್ಳುತ್ತೇನೆ, ಎದುರುಮನೆಯವರು ರಂಗೋಲಿ ಬಿಡುವುದು ಕಾಣುತ್ತದೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ಪುಟ್ಟಗೌರಕ್ಕನ ಜೊತೆ ನಡೆಯುತ್ತೇನೆ. ಕಾಲು ಅಂಟಿಕೊಂಡರೆ ಅವರು ಹೊಸಕೋಟೆಯಾಕೆಯ ಹಾಗೆ ಪಾದ ಅಡ್ಡ ಇಡುತ್ತಾರೆ, ನಾನೇ ಹೇಳಿಕೊಟ್ಟಿದ್ದೇನೆ. ಮೊದಲು ಮೂರು ಕೆಲಸ ಒಟ್ಟಿಗೆ ಮಾಡುತ್ತಿದ್ದವಳು ನಾನು, ಸೊಪ್ಪು ಸೋಸುತ್ತಾ, ಸಾರು ಕುದಿಸುತ್ತಾ, ಬೀದಿಯವರ ಜೊತೆ ಮಾತಾಡುತ್ತಾ. ಈಗ ಕಾಫಿ ಕುಡಿಯುವಾಗ ಕಾಫಿ ಮಾತ್ರ ಕುಡಿಯುತ್ತೇನೆ. ಅದರ ರುಚಿ ಇಷ್ಟು ಚೆನ್ನಾಗಿದೆ ಎಂದು ಅರವತ್ತಾರು ವರ್ಷ ಗೊತ್ತೇ ಇರಲಿಲ್ಲ. ಕಾಯಿಲೆ ಒಳ್ಳೆಯದನ್ನೇ ಮಾಡಿತು ಅಂತ ಹೇಳಲಾರೆ. ಕೆಲವು ದಿನ ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸಲೂ ಆಗುವುದಿಲ್ಲ, ಆವತ್ತು ಯಾರು ಸಮಾಧಾನ ಹೇಳಿದರೂ ನನಗೆ ಸಿಟ್ಟೇ.

ಕಾಪಿ ಪುಸ್ತಕದಲ್ಲಿ ಮೊದಲ ತಿಂಗಳು ಅ ಆ ಇ ಈ ತಿದ್ದಿದೆ. ಆಮೇಲೆ, ಹೇಗಿದ್ದರೂ ತಿದ್ದುತ್ತಿದ್ದೇನಲ್ಲ ಎಂದು ಅತ್ತೆಯ ಮಾತುಗಳನ್ನೇ ಬರೆಯತೊಡಗಿದೆ. ಒಂದು ಪುಟಕ್ಕೆ ನಾಲ್ಕು ಸಾಲು, ಒಂದು ಸಾಲಿಗೆ ಮೂರು ಪದ. ಅಷ್ಟು ಬರೆಯುವಷ್ಟರಲ್ಲಿ ಕೈ ಸೋಲುತ್ತಿತ್ತು. ಮೊದಲು ದಿನಕ್ಕೆ ಎರಡು ಪುಟ ಬರೆಯುತ್ತಿದ್ದವಳಿಗೆ ಈಗ ದಿನಕ್ಕೆ ನಾಲ್ಕು ಸಾಲು. ಎಳೆ ಎಣಿಸುತ್ತಾ ಕೂತರೆ ಹಾಸು ಮುಗಿಯುವುದಿಲ್ಲ, ಕೈಯಲ್ಲಿರುವ ಎಳೆ ನೋಡು ಎಂದು ಕೆಚ್ಚಲು ಕೂತ ಮೊದಲ ದಿನ ಅತ್ತೆ ಹೇಳಿಕೊಟ್ಟಿದ್ದರು. ಹಾಗೆಯೇ ಬರೆದೆ.

ಒಂದು ಮಧ್ಯಾಹ್ನ ಮೂರು ಗಂಟೆ. ಸವಿತಾ ಮಾರ್ಕೆಟ್ಟಿಗೆ ಹೋಗಿದ್ದಳು. ಯಜಮಾನರು ಮಗ್ಗದ ಕೋಣೆಯಿಂದ ಬಂದು ಎದುರು ಕುರ್ಚಿಯಲ್ಲಿ ಕೂತರು. ಕಾಫಿ ಬೇಕಾ ಅಂತ ಕೇಳಿದೆ. "ಏನು?" ಅಂದರು. ಇನ್ನೊಮ್ಮೆ ಕೇಳಿದೆ. ಮತ್ತೆ "ಏನು?" ಸವಿತಾ ಇರಲಿಲ್ಲ. ಮೂರನೇ ಸಲ ಹೇಳುವ ಬದಲು ಕಾಪಿ ಪುಸ್ತಕದಲ್ಲಿ ಗೆರೆಗೆ ಗೆರೆ ತಾಗಿಸಿ, "ಕಾಫಿ ಬೇಕಾ" ಎಂದು ಬರೆದು ತಿರುಗಿಸಿ ಹಿಡಿದೆ.

ಅವರು ಬೆರಳಿಟ್ಟುಕೊಂಡು, ಜೋರಾಗಿ, ಒಂದೊಂದೇ ಅಕ್ಷರ ಓದಿದರು. "ಕಾ... ಫಿ... ಬೇ... ಕಾ. ಬೇಕು!" ಅಂದರು. ಇಬ್ಬರಿಗೂ ನಗು ಬಂತು. ನನ್ನ ಮುಖ ನಕ್ಕಿತೋ ಇಲ್ಲವೋ ಗೊತ್ತಿಲ್ಲ.

ನಾನು ಕಾಫಿ ತರುವಷ್ಟರಲ್ಲಿ ಅವರು ಹಿಂದಿನ ಪುಟ ತಿರುವಿದ್ದರು. ನನ್ನ ಹಳೆಯ ನೋಟ್‌ಬುಕ್ಕಿನ ಒತ್ತು ಸಾಲುಗಳನ್ನು ನೋಡಿಯೇ ಹೆದರುತ್ತಿದ್ದ ಮನುಷ್ಯ, ಆ ದೊಡ್ಡ ಅಕ್ಷರಗಳ ಮೇಲೆ ಬೆರಳಿಟ್ಟು ಓದುತ್ತಿದ್ದರು. ಮಾವ ಪಂಚೆಯಲ್ಲಿ ದ್ರಾಕ್ಷಿ ಕಟ್ಟಿಕೊಂಡು ಬಂದ ಕಥೆ.

"ಇದು ನಮ್ಮಪ್ಪಾನಾ? ನಮ್ಮಪ್ಪ ಹಿಂಗ್ ಮಾಡ್ದೋನಾ?" ಕಣ್ಣು ಅರಳಿಸಿ ನನ್ನನ್ನು ನೋಡಿದರು. "ಆಮೇಲೆ?"

ಆಮೇಲಿನದು ಇನ್ನೂ ಬರೆದಿರಲಿಲ್ಲ. ನಾಳೆ ಅಂತ ಕೈಸನ್ನೆ ಮಾಡಿದೆ.

ಅಂದಿನಿಂದ ಮೂರು ಗಂಟೆಗೆ ಸರಿಯಾಗಿ ಬಂದು ಕೂರುತ್ತಿದ್ದರು. ನಾಲ್ಕು ಸಾಲು ಓದಿ, "ಇಷ್ಟೇನಾ ಇವತ್ತು? ಒಳ್ಳೆ ಜಿಪುಣಿ ಕಣೇ ನೀನು" ಎಂದು ಗೊಣಗುತ್ತಿದ್ದರು. ಅತ್ತೆಯ ಮೊದಲ ಮಗು, ಅಂದರೆ ಸತ್ತುಹೋದ ತಮ್ಮ ಅಕ್ಕನ ಕಥೆ ಓದಿದ ದಿನ ಕಾಫಿ ಕುಡಿಯುವುದನ್ನೇ ಮರೆತರು. ಹೆಂಗಸರು ಕೆಚ್ಚುತ್ತಾ ಆಡಿಕೊಂಡದ್ದನ್ನೆಲ್ಲ ಅವರು ಜೀವನದಲ್ಲಿ ಮೊದಲ ಸಲ ಕೇಳುತ್ತಿದ್ದರು. ಆಗೆಲ್ಲ ಅವರು ಟೀ ಕುಡಿಯಲು ಹೋಗಿರುತ್ತಿದ್ದರಲ್ಲ.

ಹಾಗೆ ಬರೆಯುತ್ತಾ ಹತ್ತಿಯ ವಿಷಯ ಬಂತು. ಅಲ್ಲಿ ನಿಂತುಬಿಟ್ಟೆ. ಅದನ್ನು ಹೇಳಿದ ದಿನ ಅತ್ತೆ ನನ್ನ ಕೈಹಿಡಿದು, "ಅವ್ನಿಗ್ ಹೇಳ್ಬೇಡ ಸರೋಜಿ, ನೊಂದ್ಕೋತಾನೆ" ಅಂದಿದ್ದರು. ಅಷ್ಟು ಹೊತ್ತಿಗಾಗಲೇ ಇವರ ಕಿವಿ ಹೋಗಿತ್ತು. ಬರೆದಿಡು ಅಂದವರೂ ಅವರೇ, ಹೇಳಬೇಡ ಅಂದವರೂ ಅವರೇ. ಒಂದು ವಾರ ಕೈನೋವು ಎಂದು ನೆಪ ಹೇಳಿದೆ. ಇವರು ದಿನಾ ಮೂರು ಗಂಟೆಗೆ ಬಂದು ಖಾಲಿ ಪುಟ ನೋಡಿ ಹೋಗುತ್ತಿದ್ದರು. ಇನ್ನು ಕೆಲವು ವರ್ಷಕ್ಕೆ ಈ ಕೈ ದೊಡ್ಡಕ್ಷರವನ್ನೂ ಬರೆಯದೆ ಹೋಗಬಹುದು ಎಂದು ನನಗೆ ಗೊತ್ತಿತ್ತು. ತಾಯಿಯನ್ನು ಕಲ್ಲು ಮನಸ್ಸಿನವಳು ಅಂದುಕೊಂಡೇ ಇವರು ಹೋಗುವುದು ನನಗೆ ಸಹಿಸಲಾಗಲಿಲ್ಲ. ಅತ್ತೆಗೆ ಮನಸ್ಸಿನಲ್ಲೇ ಕೈಮುಗಿದು ಪೆನ್ನು ಹಿಡಿದೆ.

ಮೊದಲ ದಿನ ಬರೆದದ್ದು: "ಅತ್ತೆ ದಿನಾ ಬೆಳಿಗ್ಗೆ ನಿಮ್ಮ ಕಿವಿಗೆ ಎಣ್ಣೆ ಹತ್ತಿ ಇಡುತ್ತಿದ್ದರು."

ಓದಿ ಜೋರಾಗಿ ನಕ್ಕರು. "ಹೂಂ ಮತ್ತೆ! ಆಟಕ್ಕೆ ಕರೆಯೋದು ಕೇಳ್ಬಾರ್ದು ಅಂತ. ಅದನ್ನೂ ಹೇಳವ್ಳಾ ನಿಂಗೆ?" ನಾನು ತಲೆಯಾಡಿಸಿದೆ. ಮುಂದಿನದನ್ನು ಅಂದೇ ಬರೆಯಲು ಕೈ ಬರಲಿಲ್ಲ.

ಎರಡನೇ ದಿನ: "ಅದು ಆಟಕ್ಕೆ ಹೋಗುತ್ತೀರೆಂದು ಅಲ್ಲ. ಮಗ್ಗದ ಸದ್ದಿಗೆ ಮಾವನವರ ಕಿವಿ ಹೋಗಿತ್ತು."

ಓದಿದರು. ನಗಲಿಲ್ಲ. ಪುಸ್ತಕ ಮಡಚಿಟ್ಟು ಎದ್ದು ಹೋದರು. ಅಂದು ಸಂಜೆಯವರೆಗೆ ಮಗ್ಗದ ಕೋಣೆಯಿಂದ ಬರಲಿಲ್ಲ. ತಪ್ಪು ಮಾಡಿದೆನೇನೋ ಎಂದು ನನ್ನ ಜೀವ ಒದ್ದಾಡಿತು. ಆದರೆ ಮರುದಿನ ಮೂರು ಗಂಟೆಗೆ ಐದು ನಿಮಿಷ ಮುಂಚೆಯೇ ಕುರ್ಚಿಯಲ್ಲಿದ್ದರು.

ಮೂರನೇ ದಿನ: "ನನ್ನ ಮಗನ ಕಿವಿಯಾದರೂ ಉಳಿಯಲಿ ಎಂದು ಇಡುತ್ತಿದ್ದರಂತೆ. ನೀವು ಎಸೆದ ಹತ್ತಿ ಆರಿಸಿ ಮತ್ತೆ ಇಡುತ್ತಿದ್ದರಂತೆ."

ಅವರು ಬೆರಳಿಟ್ಟುಕೊಂಡು ಓದಿದರು. ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಎಡಗೈಯನ್ನು ನಿಧಾನವಾಗಿ ಎತ್ತಿ ಕಿವಿಯ ಮೇಲೆ ಇಟ್ಟುಕೊಂಡರು. ಎಪ್ಪತ್ತೊಂದು ವರ್ಷದ ಮನುಷ್ಯ ನನ್ನ ಮುಂದೆ ಚಿಕ್ಕ ಮಗುವಿನ ಹಾಗೆ ಅತ್ತರು.

"ನಾನೇ ಕಿತ್ತೆಸೆದೆ ಕಣೇ," ಅಂದರು. "ಊರೋರ ಮುಂದೆಲ್ಲಾ ಅವಳನ್ನ ಕಲ್ಲು ಅಂದೆ."

ನಾನು ಎದ್ದು ಹೋಗಿ ಅವರ ಪಕ್ಕ ನಿಂತೆ. ನನ್ನ ಬಲಗೈ ಅವರ ಹೆಗಲ ಮೇಲಿತ್ತು. ಹೆಬ್ಬೆರಳು ತನ್ನ ಪಾಡಿಗೆ ತಾನು ಅವರ ಅಂಗಿಯ ಮೇಲೆ ಉಜ್ಜುತ್ತಲೇ ಇತ್ತು. ನಿಲ್ಲಿಸಲು ನಾನು ಪ್ರಯತ್ನಿಸಲಿಲ್ಲ.

ಇದೆಲ್ಲ ಆಗಿ ಒಂದು ವರ್ಷವಾಗುತ್ತಾ ಬಂತು. ಹದಿನಾಲ್ಕನೇ ಕಾಪಿ ಪುಸ್ತಕ ನಡೆಯುತ್ತಿದೆ. ನೀವು ಓದುತ್ತಿರುವ ಇದನ್ನೂ ಹಾಗೆಯೇ, ತಿಂಗಳುಗಟ್ಟಲೆ, ನಾಲ್ಕು ನಾಲ್ಕು ಸಾಲಾಗಿ ಬರೆದೆ. ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ ಮೊದಲ ದಿನ ಕೂತಿರುವ ಯಾರಿಗಾದರೂ ಇದು ಸಿಕ್ಕರೆ, ನನ್ನ ಲೆಕ್ಕದಲ್ಲಿ ಎರಡು ನಿಪ್ಪಟ್ಟು ಕೊಟ್ಟ ಹಾಗೆ.

ಆ ಮೂರನೇ ದಿನದ ಮರುದಿನ ಬೆಳಿಗ್ಗೆ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ನಾನು ಕಿಟಕಿಯ ಹತ್ತಿರ ಹುಕ್ಕು ಹಾಕಿಕೊಳ್ಳುತ್ತಿದ್ದೆ. ಯಜಮಾನರು ದೇವರ ಮನೆಗೆ ಹೋಗಿ, ಬತ್ತಿ ಹೊಸೆಯಲು ಇಟ್ಟಿದ್ದ ಹತ್ತಿಯಲ್ಲಿ ಒಂದು ತುಂಡು ಕಿತ್ತು, ಎರಡು ಉಂಡೆ ಮಾಡಿ, ದೀಪದ ಎಣ್ಣೆಯಲ್ಲಿ ಅದ್ದಿದರು. ಮಗ್ಗದ ಕೋಣೆಯಲ್ಲಿ ಮಂಜುನಾಥ ಆಗಷ್ಟೇ ಸ್ವಿಚ್ಚು ಹಾಕಲು ಕೈ ಎತ್ತಿದ್ದ. ನಲವತ್ತೆರಡು ವರ್ಷದ ಮಗ, ಎರಡು ಮಕ್ಕಳ ತಂದೆ. ಇವರು ಅವನ ತಲೆ ಹಿಡಿದು ಬಗ್ಗಿಸಿದರು.

"ಅಯ್ಯೋ, ಏನಪ್ಪಾ ಇದು?"

"ನಿಮ್ಮಜ್ಜಿ ಹೇಳವ್ಳೆ," ಅಂದರು ಇವರು. "ಸುಮ್ನೆ ಇಟ್ಕೊ. ಕಿತ್ತೆಸೆದ್ರೆ ನೋಡು."